ಹತ್ತು ಕಿಲೋ ಸಕ್ಕರೆ

ಗಟ್ಟಿ ಇರಬೇಕಾದ ಸೋಪು ನೀರು ಬಿಡುತ್ತಿತ್ತು, ನೀರಾಗಿರಬೇಕಾದ ಜೇನು ಗಟ್ಟಿಯಾಗಿತ್ತು. ಕಾಸರಗೋಡಿನ ಬದಿಯಡ್ಕದ ಹಲಸು ಮೇಳಕ್ಕೆ ಜಡಿಮಳೆಯಲ್ಲಿ ನಾನು ಕಟ್ಟಿಕೊಂಡು ಹೋದ ಸರಕು ಇದು.

ಜೇನಿನದ್ದು ತಪ್ಪಲ್ಲ. ನಮ್ಮ ಪೆಟ್ಟಿಗೆಯ ತುಡುವೆ ಜೇನುಹುಳಗಳಿಗೆ ಬೇಸಗೆಯ ಮೇವು ಸುತ್ತಲಿನ ರಬ್ಬರ್ ತೋಟ. ಎಲೆ ಉದುರಿ ಹೊಸ ಚಿಗುರು ಬಂದಾಗ ಎಲೆಯ ತೊಟ್ಟಿನ ತುದಿಯಲ್ಲೇ ರಸ ಜಿನುಗುತ್ತದೆ, ಹೂವಿನವರೆಗೆ ಹೋಗುವ ಕೆಲಸವೇ ಇಲ್ಲ. ಆ ಜೇನು ಬೇಗ ಹರಳುಗಟ್ಟುತ್ತದೆ, ಬಿಸಿನೀರಿನಲ್ಲಿ ಬಾಟಲಿ ಇಟ್ಟರೆ ಮತ್ತೆ ಕರಗುತ್ತದೆ. ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಗಿರಾಕಿ ಹಲಸಿನ ಹಪ್ಪಳದ ಅಂಗಡಿಯಲ್ಲಿರುತ್ತಾರೆ.

“ಇದ್ ಪಂಚಾರಯಲ್ಲೇ?” ಎಂದು ಮಲಯಾಳದವರು. “ಉಂದು ಸಕ್ಕರೆ ಅತ್ತಾ?” ಎಂದು ತುಳುವರು. “ಇದು ಸಕ್ಕರೆ ಅಲ್ದಾ ಭಾವಾ?” ಎಂದು ನಮ್ಮವರೇ. ಕಾಸರಗೋಡಿನಲ್ಲಿ ಭಾಷೆಯ ವಿಷಯಕ್ಕೆ ಒಮ್ಮತವಿಲ್ಲದಿರಬಹುದು, ನನ್ನ ಬಾಟಲಿಯ ವಿಷಯಕ್ಕೆ ಇತ್ತು. ಒಬ್ಬರಂತೂ ಪರೀಕ್ಷೆ ಮಾಡಿಯೇ ಬಿಡುವ ಎಂದು ಬೆಂಕಿಕಡ್ಡಿಯನ್ನು ಜೇನಿನಲ್ಲಿ ಅದ್ದಿ ಗೀರಿದರು, ಅಸಲಿ ಜೇನಾದರೆ ಹೊತ್ತುತ್ತದಂತೆ. ಮಳೆಗಾಲದ ಕಡ್ಡಿ, ಅದ್ದದಿದ್ದರೂ ಹೊತ್ತುವುದಲ್ಲ. ಫೇಲಾದದ್ದು ಮಾತ್ರ ಜೇನು.

ಸೋಪಿನದ್ದು ಬೇರೆಯೇ ಕತೆ. ತೆಂಗಿನೆಣ್ಣೆಗೆ ಕಾಸ್ಟಿಕ್ ಸೋಡಾದ ನೀರು ಸೇರಿಸಿ ಕಲಕಿ, ಕಿಲೋ ಎಣ್ಣೆಗೆ ಒಂದು ಚಮಚ ಜೇನು ಹಾಕಿದರೆ ಸಾಕು. ಸ್ವಂತ ಜೇನಲ್ಲವೇ ಎಂದು ನಾನು ಸೌಟಿನಲ್ಲಿ ಹಾಕಿದೆ. ಸಿಹಿ ಬಿದ್ದರೆ ಆ ಮಿಶ್ರಣ ಸುಮ್ಮನೆ ಕಾವೇರುತ್ತದೆ. ಗೃಹಪ್ರವೇಶದ ಹಾಲಿನ ಹಾಗೆ ಅಚ್ಚಿನಿಂದ ಉಕ್ಕಿ ಅಡುಗೆ ಕಟ್ಟೆಯ ತುಂಬ ಹರಿಯಿತು. ಹೆಂಡತಿ ಒಂದು ಮಾತೂ ಆಡಲಿಲ್ಲ, ಅದೇ ಹೆದರಿಕೆಯ ವಿಷಯ. ಎರಡನೇ ಸಲದ್ದು ಚೆನ್ನಾಗಿ ಬಂತು, ಆರು ವಾರ ಒಣಗಿಸಿಯೂ ಆಯಿತು. ಅಷ್ಟರಲ್ಲಿ ಮಳೆ. ಸೋಪಿನೊಳಗಿನ ಗ್ಲಿಸರಿನ್ ಗಾಳಿಯ ತೇವವನ್ನೆಲ್ಲ ಎಳೆದುಕೊಂಡು, ಪ್ರತಿಯೊಂದು ಬಿಲ್ಲೆಯೂ ಪಿಯುಸಿ ಫಲಿತಾಂಶ ಕಾಯುವ ಹುಡುಗನ ಹಾಗೆ ಬೆವರುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ನಿವೃತ್ತ ಟೀಚರೊಬ್ಬರು ಬಂದರು. ಹರಳುಗಟ್ಟುವ ಪಾಠವನ್ನು ಪೂರ್ತಿ ಕೇಳಿದರು, ತಲೆಯಾಡಿಸಿದರು, ಪರ್ಸಿನ ಜಿಪ್ಪು ಎಳೆದರು. ಸರಿಯಾಗಿ ಆಗಲೇ ನಮ್ಮೂರಿನ ದಿನಸಿ ಅಂಗಡಿಯವರು ಕೊಡೆ ಮಡಚುತ್ತಾ ಆ ಕಡೆಯಿಂದ ಕೂಗಿ ಕೇಳಿದರು:

“ಹ್ವಾಯ್, ಈ ವಾರವೂ ಸಕ್ಕರೆ ಹತ್ತು ಕಿಲೋ ತೆಗೆದಿಡಬೇಕಾ?”

ಅವರು ಕೇಳಿದ್ದರಲ್ಲಿ ಸುಳ್ಳೇನಿಲ್ಲ. ಆಟಿ ತಿಂಗಳ ಮಳೆಗೆ ಹುಳ ಹೊರಗೆ ಹೋಗುವಂತಿಲ್ಲ, ಹೋದರೂ ಹೂವಿಲ್ಲ. ಸಕ್ಕರೆ ಪಾಕ ಮಾಡಿ, ಆರಿಸಿ, ತೆಂಗಿನ ಗೆರಟೆಯಲ್ಲಿ ಹೊಯ್ದು, ಮುಳುಗದ ಹಾಗೆ ನಾಲ್ಕು ಕಡ್ಡಿ ಹಾಕಿ ಪೆಟ್ಟಿಗೆಯೊಳಗೆ ಇಡದಿದ್ದರೆ ಹಿಂಡು ಉಪವಾಸ ಬೀಳುತ್ತದೆ, ಇಲ್ಲವೇ ಪೆಟ್ಟಿಗೆ ಬಿಟ್ಟು ಹಾರುತ್ತದೆ. ಆಗ ಜೇನು ತೆಗೆಯುವುದೂ ಇಲ್ಲ. ಬಾಟಲಿಯಲ್ಲಿದ್ದದ್ದು ಮಾರ್ಚಿನದ್ದು. ಇದನ್ನೆಲ್ಲ ಹೇಳಬೇಕೆಂದು ಬಾಯಿ ತೆರೆದೆ. “ಅದು ಹುಳಕ್ಕೆ ಟೀಚರೇ” ಎಂದಷ್ಟೇ ಬಂತು.

ಅವರು ಬಾಟಲಿಯನ್ನು ಮೆಲ್ಲ ಕೆಳಗಿಟ್ಟು, ಬೆವರುತ್ತಿದ್ದ ಎರಡು ಸೋಪು ಆರಿಸಿಕೊಂಡರು.

“ಅದರಲ್ಲಿಯೂ ಇದೇ ಜೇನು ಇದೆ” ಎಂದೆ, ಪ್ರಾಮಾಣಿಕತೆಯ ಹುಚ್ಚಿನಲ್ಲಿ.

“ಪರವಾಗಿಲ್ಲ ಮಾರಾಯ್ರೇ. ನನಗೆ ಶುಗರ್ ಉಂಟು, ಮೈಗೆ ಹಚ್ಚಿದರೆ ಏರಲಿಕ್ಕಿಲ್ಲ” ಎಂದರು ಟೀಚರು.