ಸೊಟ್ಟಮೂಗಿನ ಸರದಾರರು

ಇಂಗ್ಲಿಷ್ ಹೆಸರುಗಳಿಗೆ ಅರ್ಥ ಹೇಳುವ ಜಾಲತಾಣಗಳನ್ನು ನಂಬುವುದಾದರೆ, ಹಿಂದಿನ ಕಾಲದ ಯುರೋಪಿನಲ್ಲಿ ಹುಟ್ಟಿದವರೆಲ್ಲ ವೀರರು, ಇಲ್ಲವೇ ಅರಸರು. ಹೆಣ್ಣಾದರೆ ಬೆಳಕು, ಮುತ್ತು, ಹೂವು. ಅಷ್ಟು ಜನ ಸಿಂಹಾಸನದ ಮೇಲೆ ಕುಳಿತಿದ್ದರೆ ಹಂದಿ ಕಾಯುತ್ತಿದ್ದವರು ಯಾರೋ ತಿಳಿಯದು.

ಕೆನಡಿ ಎಂಬ ಐರಿಷ್ ಹೆಸರನ್ನೇ ನೋಡಿ. ಮೊದಲ ಭಾಗಕ್ಕೆ ತಲೆ ಎಂದರ್ಥ; ಅದರಲ್ಲಿ ತಕರಾರಿಲ್ಲ. ಉಳಿದ ಭಾಗಕ್ಕೆ ವಿಕಾರ ಎನ್ನುವವರೂ ಇದ್ದಾರೆ, ಶಿರಸ್ತ್ರಾಣ ಎನ್ನುವವರೂ ಇದ್ದಾರೆ. ಜಾಲತಾಣಗಳಿಗೆ ಯಾವುದು ಒಪ್ಪಿಗೆಯಾಯಿತು ಎಂದು ಬೇರೆ ಹೇಳಬೇಕೆ? ವಿಕಾರವಾದ ತಲೆಯನ್ನು ಮುಚ್ಚಲೆಂದೇ ಆತ ಶಿರಸ್ತ್ರಾಣ ತೊಟ್ಟಿದ್ದ ಎಂದುಬಿಟ್ಟರೆ ಎರಡೂ ಪಕ್ಷದವರಿಗೆ ಸಮಾಧಾನ. ಲ್ಯಾಟಿನ್ ಮೂಲದವು ಇನ್ನೂ ನಿಷ್ಠುರ: ಸಿಸಿಲಿಯಾ ಕುರುಡು, ಕ್ಲಾಡಿಯಾ ಕುಂಟು, ಕ್ಯಾಲ್ವಿನ್ ಬೋಳು. ಈ ಕೊನೆಯದು ಮಾತ್ರ ತೊಟ್ಟಿಲಲ್ಲಿರುವ ಬಹುತೇಕ ಮಕ್ಕಳಿಗೆ ಒಪ್ಪುತ್ತದೆ ಎಂಬುದನ್ನು ಒಪ್ಪಿಕೊಳ್ಳಲೇಬೇಕು.

ನನ್ನ ಮೆಚ್ಚಿನದು ಮ್ಯಾಡಿಸನ್. ಮಾಡ್ ಎಂಬಾಕೆಯ ಮಗ ಎಂಬ ಅರ್ಥದ ಮನೆತನದ ಹೆಸರು ಅದು. ಅಮೆರಿಕದ ನಾಲ್ಕನೆಯ ಅಧ್ಯಕ್ಷರದು ಅದೇ ಮನೆತನದ ಹೆಸರು. ಅವರ ಹೆಸರನ್ನು ನ್ಯೂಯಾರ್ಕಿನ ಒಂದು ಬೀದಿಗೆ ಇಟ್ಟರು. 1984ರ ಹಾಲಿವುಡ್ ಚಿತ್ರವೊಂದರಲ್ಲಿ ಮತ್ಸ್ಯಕನ್ಯೆಯೊಬ್ಬಳು ಆ ಬೀದಿಯ ಫಲಕ ನೋಡಿ, ಇದೇ ನನ್ನ ಹೆಸರು ಎಂದಳು. ಅದೊಂದು ಹೆಸರೇ ಅಲ್ಲ ಎಂದು ನಾಯಕ ಹೇಳಿದ್ದು ತಮಾಷೆಗೆ. ಅಮೆರಿಕದ ತಂದೆತಾಯಿಯರು ತಮಾಷೆಯನ್ನು ಬಿಟ್ಟು ಫಲಕವನ್ನು ಹಿಡಿದುಕೊಂಡರು. 2001ರಲ್ಲಿ ಅಲ್ಲಿ ಹೆಣ್ಣುಮಕ್ಕಳಿಗಿಟ್ಟ ಹೆಸರುಗಳ ಪಟ್ಟಿಯಲ್ಲಿ ಅದಕ್ಕೆ ಎರಡನೆಯ ಸ್ಥಾನ! ಮಗಳಿಗೆ ಇನ್ಯಾರದೋ ಮಗ ಎಂದು ಹೆಸರಿಟ್ಟು, ಅರ್ಥದ ಜಾಗದಲ್ಲಿ ದೇವರ ಕೊಡುಗೆ ಎಂದು ಓದಿ ಕೃತಾರ್ಥರಾದವರೂ ಇದ್ದಾರೆ.

ನೆವೇಯಾ ಎಂಬುದೂ ಒಂದಿದೆ. ಹೆವನ್ ಎಂಬುದರ ಇಂಗ್ಲಿಷ್ ಅಕ್ಷರಗಳನ್ನು ಹಿಂದುಮುಂದು ಮಾಡಿದರೆ ಬರುತ್ತದೆ. ಅರ್ಥ ಕೇಳಿದರೆ ಆಗಲೂ ಸ್ವರ್ಗವೇ. ತಲೆಕೆಳಗಾದ ಸ್ವರ್ಗಕ್ಕೆ ನಮ್ಮ ಪುರಾಣಗಳಲ್ಲಿ ತ್ರಿಶಂಕುವಿನ ವಿಳಾಸವಿದೆ. ಅವರಿಗೆ ಆ ಅನುಕೂಲವಿಲ್ಲ.

ಹುಟ್ಟಿದ ಮಕ್ಕಳು ಉಳಿಯದ ಮನೆಗಳಲ್ಲಿ ನಮ್ಮ ಹಿರಿಯರು ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪಯ್ಯ ಎನ್ನುತ್ತಿದ್ದರು. ಅರ್ಥ ಕೇಳಿದರೆ ತಿಪ್ಪೆ ಎಂದೇ ಹೇಳುತ್ತಿದ್ದರು. ಸಾವಯವ ಸಮೃದ್ಧಿಯ ಅಧಿಪತಿ ಎನ್ನುವಷ್ಟು ಜಾಣತನ ಅವರಿಗಿರಲಿಲ್ಲ.

ಮೊನ್ನೆ ಪಕ್ಕದ ಮನೆಯ ಅಜ್ಜಿ ಮೊಬೈಲ್ ಹಿಡಿದು ಬಂದರು. ಮಗಳು ಟೆಕ್ಸಾಸಿನಲ್ಲಿದ್ದಾಳೆ, ಅಳಿಯ ಅಲ್ಲಿಯವನೇ. ಮೊಮ್ಮಗನಿಗೆ ಕ್ಯಾಮೆರಾನ್ ಎಂದು ಹೆಸರಿಡುತ್ತಾರಂತೆ. ಹರಿವಾಣದ ಅಕ್ಕಿಯಲ್ಲಿ ಉಂಗುರದಿಂದ ಬರೆಯಲು ಜಾಗ ಸಾಕಾದೀತೇ ಎಂಬ ಚಿಂತೆ ಅವರದು.

"ಅರ್ಥ ಏನಪ್ಪಾ? ಓದಿದವನು, ನೀನೇ ಹೇಳು."

ಸ್ಕಾಟ್ಲೆಂಡಿನ ಒಂದು ದೊಡ್ಡ ಕುಲದ ಹೆಸರು ಎಂದು ತಪ್ಪಿಸಿಕೊಳ್ಳಲು ನೋಡಿದೆ. ಬಿಡಲಿಲ್ಲ. ಕೊನೆಗೆ ಹೇಳಿದೆ: "ಸೊಟ್ಟಮೂಗು, ಅಜ್ಜಿ."

ಅವರು ಕನ್ನಡಕ ಏರಿಸಿಕೊಂಡು ಮೊಬೈಲಿನಲ್ಲಿದ್ದ ಚಿತ್ರವನ್ನು ಹಿಗ್ಗಿಸಿದರು. ಮಗುವನ್ನು ನೋಡಿದರು. ಮಗುವನ್ನು ಎತ್ತಿಕೊಂಡಿದ್ದ ಅಳಿಯನನ್ನು ಇನ್ನಷ್ಟು ಹೊತ್ತು ನೋಡಿದರು.

"ಇಡಲಿ ಬಿಡಪ್ಪ," ಎಂದರು. "ತಂದೆಯ ಕಡೆಯಿಂದ ಬಂದಿದೆ."