ತೋಟೆ ಇಲ್ಲೆ ಎಂದ ಅಜ್ಜ

ನಾನಿರುವುದು ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ. 2020ರ ಬೇಸಗೆಯಲ್ಲಿ ಇಲ್ಲೇ ಇರುವ, ಹಾಸನದ ಕಡೆಯ ಗೆಳೆಯನೊಬ್ಬ ಫೋನ್ ಮಾಡಿ, "ಒಂದು ಪಿಸ್ತೂಲು ತಗೋಬೇಕು ಅಂತಿದೀನಿ ಕಣೋ, ಜೊತೆಗೆ ಬಾ. ನೀನು ಕೊಡಗಿನೋನು, ನಿಂಗೆ ಗೊತ್ತಿರುತ್ತೆ" ಅಂದ. ಉಡುಪಿಯವರಿಗೆಲ್ಲ ಹೋಟೆಲ್ ನಡೆಸಲು ಬರುತ್ತದೆ ಎಂಬಂಥ ನಂಬಿಕೆ ಇದು. ನನಗೆ ಗೊತ್ತಿದ್ದದ್ದು ಅಜ್ಜನ ಜೋಡು ನಳಿಗೆ ಕೋವಿ ಒಂದೇ, ಅದನ್ನೂ ಎಣ್ಣೆ ಬಟ್ಟೆಯಲ್ಲಿ ಒರೆಸಿದ್ದೇ ಹೆಚ್ಚು. ಆದರೂ ಹೋದೆ. ಕೊರೋನಾ ಕಾಲ, ಅಂಗಡಿಯ ಹೊರಗೆ ಸಾಲು. ಆ ವರ್ಷ ಮೊದಲ ಸಲ ಕೋವಿ ಕೊಳ್ಳುವವರೇ ಕಂಡ ಕಂಡಲ್ಲಿ ಇದ್ದರು. ಒಳಗೆ ಚಿನ್ನದಂಗಡಿಯಂತೆ ಗಾಜಿನ ಪೆಟ್ಟಿಗೆಗಳು, ಅದರಡಿ ಬೆಳಕು.

ಗೆಳೆಯ ಒಂದನ್ನು ಆರಿಸಿದ ಮೇಲೆ ಅಂಗಡಿಯವ ಒಂದು ಫಾರಂ ಮುಂದಿಟ್ಟ. ಕೇಂದ್ರ ಸರ್ಕಾರದ ಫಾರಂ 4473. ಈ ಕೋವಿ ನಿಮಗಾಗಿಯೇ ಕೊಳ್ಳುತ್ತಿದ್ದೀರಾ? ದೊಡ್ಡ ಅಪರಾಧದಲ್ಲಿ ಶಿಕ್ಷೆ ಆಗಿದೆಯೇ? ತಲೆ ಮರೆಸಿಕೊಂಡಿದ್ದೀರಾ? ಗಾಂಜಾ ಸೇದುತ್ತೀರಾ? (ನಿಮ್ಮ ರಾಜ್ಯ ಒಪ್ಪಿದರೂ ಕೇಂದ್ರದ ಕಾನೂನು ಒಪ್ಪುವುದಿಲ್ಲ ಎಂಬ ಎಚ್ಚರಿಕೆಯೂ ಅಲ್ಲೇ ಇದೆ.) ಹೆಂಡತಿಯನ್ನು ಹೊಡೆದ ಕೇಸಿನಲ್ಲಿ ತಪ್ಪಿತಸ್ಥರೆಂದು ತೀರ್ಪಾಗಿದೆಯೇ? ಎಲ್ಲದಕ್ಕೂ ಹೌದು ಅಥವಾ ಇಲ್ಲ. ವರ್ಜೀನಿಯಾದಲ್ಲಿ ಕೊಳ್ಳುವವನ ಹಿನ್ನೆಲೆಯ ಈ ತಪಾಸಣೆ ಮಾಡುವವರು ರಾಜ್ಯದ ಪೊಲೀಸರೇ. ಇಡೀ ದೇಶಕ್ಕೆ ಇಂಥ ಕಂಪ್ಯೂಟರ್ ವ್ಯವಸ್ಥೆ ಬಂದದ್ದು 1998ರ ನವೆಂಬರಿನಲ್ಲಿ. ವರ್ಜೀನಿಯಾ ಅದಕ್ಕೂ ಒಂಬತ್ತು ವರ್ಷ ಮೊದಲೇ, 1989ರಲ್ಲಿ, ಎಲ್ಲ ರಾಜ್ಯಗಳಿಗಿಂತ ಮುಂಚೆ ಶುರು ಮಾಡಿತ್ತು. ಅಂಗಡಿಯವ ಕೀಲಿಮಣೆ ಒತ್ತಿದ. ದರ್ಶಿನಿಯಲ್ಲಿ ಟೋಕನ್ ಕೊಟ್ಟು ಮಸಾಲೆದೋಸೆಗೆ ಕಾಯುವಷ್ಟು ಹೊತ್ತು. ಒಪ್ಪಿಗೆ ಬಂತು.

ಕಾರಿಗೆ ಬಂದ ಮೇಲೆ ನನಗೆ ಹೊಳೆದದ್ದು, ಅಷ್ಟು ಹೊತ್ತಿನಲ್ಲಿ ಯಾರೊಬ್ಬರೂ ಅವನನ್ನು "ಯಾಕೆ ಬೇಕು?" ಎಂದು ಕೇಳಲಿಲ್ಲ.

ಊರಿನಲ್ಲಿ ಅದೇ ಮೊದಲ ಪ್ರಶ್ನೆ. ನನ್ನ ಸೋದರಮಾವ ಘಟ್ಟದ ಕೆಳಗೆ, ಸಂಪಾಜೆಯಿಂದ ಸುಳ್ಯದ ಕಡೆಗೆ ಅಡಿಕೆ ತೋಟ ಮಾಡಿಕೊಂಡವರು. ಹಂದಿ, ಮಂಗಗಳ ಕಾಟಕ್ಕೆ ಕೋವಿ ಬೇಕೆಂದು ಅರ್ಜಿ ಹಾಕಿದರು. 1959ರ ಆಯುಧ ಕಾಯಿದೆಯಲ್ಲಿ ಬೆಳೆ ರಕ್ಷಣೆ ಎಂಬುದು ಒಪ್ಪತಕ್ಕ ಕಾರಣ ಎಂದೇ ಬರೆದಿದೆ. ಪಹಣಿ ಕೊಟ್ಟರು, ಠಾಣೆಯಿಂದ ವರದಿ ಹೋಯಿತು, ಕಡತ ಮೇಜಿನಿಂದ ಮೇಜಿಗೆ ನಡೆಯಿತು, ವರ್ಷ ಕಳೆದ ಮೇಲೆ ಲೈಸೆನ್ಸು ಬಂತು. ಚುನಾವಣೆ ಬಂದಾಗೆಲ್ಲ ಆ ಕೋವಿಯನ್ನು ಠಾಣೆಯಲ್ಲಿ ಇಟ್ಟು ಬರಬೇಕು. "ಓಟಿಗೆ ನಿಂತವನು ನಾನಲ್ಲ, ಹಂದಿಯೂ ಅಲ್ಲ, ಮತ್ತೆ ನಮ್ಮಿಬ್ಬರ ಮಧ್ಯದ ಕೋವಿ ಯಾಕೆ ಒಳಗೆ?" ಎಂದು ಮಾವ ಪ್ರತಿ ಸಲವೂ ಬೈಯುತ್ತಾರೆ. ಕೋವಿ ಕೈಯಲ್ಲಿದ್ದರೂ ಹಂದಿಗೆ ಈಡು ಹೊಡೆದರೆ 1972ರ ವನ್ಯಜೀವಿ ಕಾಯಿದೆ ಅಡ್ಡ ಬರುತ್ತದೆ. ಹಾಗಾಗಿ ಅದು ಹೆಚ್ಚಾಗಿ ಸದ್ದು ಮಾಡಲು ಇಟ್ಟುಕೊಂಡ ಕೋವಿ.

ಸಂಪಾಜೆಯಿಂದ ಘಟ್ಟ ಹತ್ತಿದರೆ ಮಡಿಕೇರಿ ತಾಲೂಕು, ನಮ್ಮ ಅಜ್ಜನ ಮನೆ. ಅಲ್ಲಿ ಲೈಸೆನ್ಸೇ ಬೇಡ. ಬ್ರಿಟಿಷರ ಕಾಲದಿಂದ ಕೊಡವರಿಗೂ ತಲೆಮಾರಿನಿಂದ ಬಂದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಕೋವಿಯ ವಿನಾಯಿತಿ ನಡೆದುಬಂದಿದೆ. ನಾವು ಅರೆಭಾಷೆ ಗೌಡರು, ಜಮ್ಮಾ ಭೂಮಿಯ ಲೆಕ್ಕದಲ್ಲಿ ನಮಗೆ ಸಿಕ್ಕಿದ್ದು. ಡಿಸಿ ಕಚೇರಿಯ ವಿನಾಯಿತಿ ಪತ್ರದಲ್ಲಿ ಕೋವಿ ನಮೂದಾಗಿರುತ್ತದೆ, ಅಷ್ಟೇ. ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದಿನ ದಿನ ಅದಕ್ಕೆ ಹೂವು, ಗಂಧ. ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಒಂದು ಗುಂಡು. ಕೊಡವರ ಮನೆಯಲ್ಲಿ ಸಾವಾದರೆ ಊರಿಗೆ ತಿಳಿಸುವುದೂ ಕೋವಿಯೇ. ಒಂದೇ ಕುಟುಂಬ, ಒಂದೇ ಭಾಷೆ, ಒಂದೇ ಹಂದಿ. ಘಟ್ಟದ ಮೇಲಿನವನಿಗೆ ಕೋವಿ ಹುಟ್ಟಿನಿಂದ ಬಂದ ಹಕ್ಕು, ಕೆಳಗಿನವನಿಗೆ ಸರ್ಕಾರ ಮನಸ್ಸು ಮಾಡಿದರೆ ಸಿಗುವ ಅನುಮತಿ.

ಇದನ್ನು ನೋಡಿ ಬೆಳೆದದ್ದರಿಂದಲೋ ಏನೋ, ಅಮೆರಿಕದವರು ಸಂವಿಧಾನದ ಎರಡನೇ ತಿದ್ದುಪಡಿ (ಕೋವಿ ಇಟ್ಟುಕೊಳ್ಳುವ ಹಕ್ಕು) ಎಂದೊಡನೆ ಎದೆ ಸೆಟೆಸುವುದು ನನಗೆ ವಿಚಿತ್ರವಾಗಿ ಕಾಣುವುದಿಲ್ಲ. ಇಲ್ಲಿನ ನಮ್ಮ ಜನಕ್ಕೆ ಕಾಣುತ್ತದೆ. ಯಾವುದೋ ಶಾಲೆಯಲ್ಲಿ ಗುಂಡು ಹಾರಿದ ಸುದ್ದಿ ಬಂದ ವಾರ ಯಾರದಾದರೂ ಮನೆಯಲ್ಲಿ ಸೇರಿದರೆ, ಬಿಸಿಬೇಳೆಬಾತಿನ ತಟ್ಟೆ ಹಿಡಿದು "ಈ ದೇಶಕ್ಕೆ ಹುಚ್ಚು ಹಿಡಿದಿದೆ, ನಮ್ಮಲ್ಲಿ ಇಂಥದ್ದೆಲ್ಲ ಇಲ್ಲಪ್ಪ" ಎನ್ನುತ್ತಾರೆ. ಅದೇ ಜನ ಸೆಪ್ಟೆಂಬರಿನ ಕೈಲ್‌ಪೊಳ್ದಿನಲ್ಲಿ ಕೋವಿಗೆ ಹೂವಿಟ್ಟ ಚಿತ್ರಕ್ಕೆ "ನಮ್ಮ ಸಂಸ್ಕೃತಿ" ಎಂದು ಬರೆದು ಹಂಚುತ್ತಾರೆ. ಕೊಡಗಿನ ವಿನಾಯಿತಿಯನ್ನು ಪ್ರಶ್ನಿಸಿದ ಅರ್ಜಿ ಕರ್ನಾಟಕ ಹೈಕೋರ್ಟಿಗೆ ಹೋದಾಗ, 2021ರಲ್ಲಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿದೆ. ಆಗ ಊರಿನಲ್ಲಿ ಕೇಳಿದ ಮಾತುಗಳನ್ನೂ ಇಲ್ಲಿ ವರ್ಜೀನಿಯಾದ ರಾಜಧಾನಿ ರಿಚ್ಮಂಡಿನಲ್ಲಿ ಕೇಳಿದ ಮಾತುಗಳನ್ನೂ ಪಕ್ಕಪಕ್ಕ ಇಟ್ಟರೆ, ಹೆಸರು ಅಳಿಸಿದ ಮೇಲೆ ಯಾವುದು ಎಲ್ಲಿಯದೆಂದು ಹೇಳುವುದು ಕಷ್ಟ. ಹಿರಿಯರಿಂದ ಬಂದದ್ದು, ನಮ್ಮ ಜನ ಅದನ್ನು ಕೆಟ್ಟದ್ದಕ್ಕೆ ಬಳಸುವವರಲ್ಲ, ಇಂದು ಕಾಗದ ಕೇಳಿದವರು ನಾಳೆ ಕೋವಿಯನ್ನೇ ಕೇಳುತ್ತಾರೆ.

"ನಮ್ಮಲ್ಲಿ ಇಲ್ಲ" ಎನ್ನುವವರಿಗೆ ಇನ್ನೊಂದು ಮಾತು. ಎಂ.ಎಂ. ಕಲಬುರ್ಗಿಯವರನ್ನು 2015ರಲ್ಲಿ, ಗೌರಿ ಲಂಕೇಶ್ ಅವರನ್ನು 2017ರಲ್ಲಿ ಕೊಂದದ್ದು 7.65 ಎಂಎಂ ನಾಡ ಪಿಸ್ತೂಲು. ಅದಕ್ಕೆ ಯಾವ ಪಹಣಿಯನ್ನೂ ಯಾರೂ ಕೊಟ್ಟಿರಲಿಲ್ಲ. ನಮ್ಮ ಲೈಸೆನ್ಸಿನ ಬಿಗಿ ನನ್ನ ಮಾವನಂಥವರ ಮೇಲೆ ಬೀಳುತ್ತದೆ. ಹಾಗೆಂದು ಅದು ವ್ಯರ್ಥ ಎನ್ನಲಾರೆ. ಸಿಟ್ಟು ಬಂದ ಸಂಜೆಯೇ ಯಾರೂ ಪೇಟೆಗೆ ಹೋಗಿ ಪಿಸ್ತೂಲು ತರಲಾಗುವುದಿಲ್ಲ ಎಂಬುದು ಸಣ್ಣ ಮಾತಲ್ಲ.

ನಮ್ಮ ಐಟಿ ಹುಡುಗರಿಗೆ ಸಂಬಂಧಿಸಿದ ಒಂದು ತಮಾಷೆ ಇಲ್ಲಿ ಹೇಳಿಬಿಡುತ್ತೇನೆ. ಎಚ್-1ಬಿ ವೀಸಾದವರು ಇಲ್ಲಿ ಕೋವಿ ಕೊಳ್ಳುವಂತಿಲ್ಲ. ಆದರೆ ಯಾವುದಾದರೂ ರಾಜ್ಯದ ಬೇಟೆ ಲೈಸೆನ್ಸ್ ಇದ್ದರೆ ಕೊಳ್ಳಬಹುದು! ಇರುವೆ ಕೊಲ್ಲದ ಸಸ್ಯಾಹಾರಿಯೊಬ್ಬ ಜಿಂಕೆ ಬೇಟೆಯ ಪರವಾನಗಿ ಜೇಬಿನಲ್ಲಿಟ್ಟುಕೊಂಡು ತಿರುಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಈಗ ತಪಾಸಣೆಯ ವಿಷಯಕ್ಕೆ. ಇಲ್ಲಿನ ಕಾನೂನಿಗೆ ನೀನು ಯಾರು, ಯಾಕೆ ಎನ್ನುವುದು ಬೇಡ. ನಿನಗೆ ಕೊಡಬಾರದು ಎನ್ನಲು ಎಲ್ಲಾದರೂ ಕಾಗದ ಇದೆಯೇ ಎಂದಷ್ಟೇ ನೋಡುತ್ತದೆ. ಆ ಕಾಗದ ತಲುಪಿರಬೇಕಾದ ಕಡೆ ತಲುಪದಿದ್ದರೆ ಏನಾಗುತ್ತದೆ ಎಂಬುದನ್ನು ಈ ರಾಜ್ಯದವರಿಗೆ ಬಿಡಿಸಿ ಹೇಳಬೇಕಿಲ್ಲ. 2007ರ ಏಪ್ರಿಲ್ 16ರಂದು ಬ್ಲ್ಯಾಕ್ಸ್‌ಬರ್ಗಿನ ವರ್ಜೀನಿಯಾ ಟೆಕ್‌ನಲ್ಲಿ 32 ಜನರನ್ನು ಕೊಂದ ವಿದ್ಯಾರ್ಥಿಯ ಬಗ್ಗೆ, 2005ರ ಡಿಸೆಂಬರಿನಲ್ಲೇ ನ್ಯಾಯಾಧಿಕಾರಿಯೊಬ್ಬರು "ಈತನಿಂದ ಈತನಿಗೇ ಅಪಾಯವಿದೆ" ಎಂದು ಬರೆದು ಚಿಕಿತ್ಸೆಗೆ ಆದೇಶಿಸಿದ್ದರು. ಕೇಂದ್ರದ ಕಾನೂನಿನಂತೆ ಅವನಿಗೆ ಕೋವಿ ಸಿಗಬಾರದಿತ್ತು. ಆದರೆ ಆಸ್ಪತ್ರೆಗೆ ಸೇರಿಸಿದರೆ ಮಾತ್ರ ತಿಳಿಸಬೇಕು, ಹೊರರೋಗಿಯಾಗಿ ಚಿಕಿತ್ಸೆ ಎಂದರೆ ಬೇಡ ಎಂದು ರಾಜ್ಯ ಅರ್ಥ ಮಾಡಿಕೊಂಡಿತ್ತು. ಹೆಸರು ಕೋವಿ ಕೊಡಬಾರದವರ ಪಟ್ಟಿಗೆ ಹೋಗಲೇ ಇಲ್ಲ. ಅವನು ಫೆಬ್ರವರಿಯಲ್ಲಿ ಒಂದು, ಮಾರ್ಚಿನಲ್ಲಿ ಇನ್ನೊಂದು ಪಿಸ್ತೂಲು ಕೊಂಡ. ತಿಂಗಳಿಗೆ ಒಂದೇ ಎಂಬ ನಿಯಮ ಆಗ ಇಲ್ಲಿತ್ತು, ಅದನ್ನೂ ಪಾಲಿಸಿದ. ಎರಡು ಸಲವೂ ತಪಾಸಣೆ ನಡೆಯಿತು, ಎರಡು ಸಲವೂ ಪಾಸಾದ. ಸತ್ತವರಲ್ಲಿ ತಮಿಳುನಾಡಿನಿಂದ ಬಂದು ಜಲವಿಜ್ಞಾನ ಕಲಿಸುತ್ತಿದ್ದ ಜಿ.ವಿ. ಲೋಗನಾಥನ್ ಇದ್ದರು, ಅವರ ತರಗತಿಯ ಮಕ್ಕಳಿದ್ದರು.

ಹತ್ತು ವರ್ಷದ ಮೇಲೆ ಟೆಕ್ಸಾಸಿನ ಸದರ್ಲೆಂಡ್ ಸ್ಪ್ರಿಂಗ್ಸ್ ಚರ್ಚಿನಲ್ಲಿ ಆದದ್ದೂ ಇದೇ. ಹೆಂಡತಿ ಮತ್ತು ಮಲಮಗನನ್ನು ಹೊಡೆದದ್ದಕ್ಕೆ ಸೇನಾ ನ್ಯಾಯಾಲಯ ಶಿಕ್ಷಿಸಿದ್ದವನ ಹೆಸರನ್ನು ವಾಯುಪಡೆ ಆ ಪಟ್ಟಿ ಇಡುವ ಕೇಂದ್ರದ ತನಿಖಾ ಸಂಸ್ಥೆ ಎಫ್‌ಬಿಐಗೆ ಕಳಿಸಿರಲಿಲ್ಲ. 2015ರಲ್ಲಿ ಚಾರ್ಲ್ಸ್‌ಟನ್ನಿನ ಚರ್ಚಿನಲ್ಲಿ ಒಂಬತ್ತು ಜನರನ್ನು ಕೊಂದವನ ಅರ್ಜಿಗಂತೂ ಮೊದಲು "ತಡ" ಎಂಬ ಉತ್ತರವೇ ಬಂದಿತ್ತು. ಆದರೆ ಕೆಲಸದ ಮೂರು ದಿನಗಳಲ್ಲಿ ಖಚಿತ ಉತ್ತರ ಬರದಿದ್ದರೆ ಅಂಗಡಿಯವ ಮಾರಬಹುದು ಎಂದು ಕೇಂದ್ರದ ಕಾನೂನು ಹೇಳುತ್ತದೆ. ನಮ್ಮ ಕಚೇರಿಗಳಲ್ಲಿ ಉತ್ತರ ಬರಲಿಲ್ಲ ಎಂದರೆ "ಇಲ್ಲ" ಎಂದರ್ಥ. ಇಲ್ಲಿ ಅದು "ಆಗಲಿ". ಎರಡು ದೇಶಗಳ ನಡುವಿನ ವ್ಯತ್ಯಾಸವನ್ನೆಲ್ಲ ನಾನು ಈ ಒಂದು ನಿಯಮದಲ್ಲಿ ಕಂಡೆ.

ಇದಿಷ್ಟೂ ಅಂಗಡಿಯಲ್ಲಿ ಕೊಳ್ಳುವವರಿಗೆ. ಒಬ್ಬ ತನ್ನ ಕೋವಿಯನ್ನು ಪಕ್ಕದ ಮನೆಯವನಿಗೆ ಮಾರಿದರೆ ಕೇಂದ್ರದ ಕಾನೂನು ತಪಾಸಣೆ ಕೇಳುವುದಿಲ್ಲ. ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳು ಸತ್ತ ಮೇಲೆ, 2013ರಲ್ಲಿ, ಮೇಳಗಳಲ್ಲಿ ಮತ್ತು ಅಂತರ್ಜಾಲದ ಜಾಹೀರಾತಿನಿಂದ ನಡೆಯುವ ಮಾರಾಟಕ್ಕಾದರೂ ಇದನ್ನು ಹಬ್ಬಿಸೋಣ ಎಂದು ಸೆನೆಟ್ಟಿನಲ್ಲಿ ಯತ್ನ ನಡೆಯಿತು. 54 ಮತ ಬಿತ್ತು, 60 ಬೇಕಿತ್ತು. ವರ್ಜೀನಿಯಾ 2020ರಲ್ಲಿ ಖಾಸಗಿ ಮಾರಾಟಕ್ಕೂ ತಪಾಸಣೆ ತಂದಿತು. ಅದಕ್ಕೆ ಮೊದಲು ಆ ಜನವರಿಯಲ್ಲಿ ಇಂಥ ಕಾನೂನನ್ನು ವಿರೋಧಿಸಿ ರಿಚ್ಮಂಡಿನ ಶಾಸನಸಭೆಯ ಸುತ್ತ ಸುಮಾರು 22,000 ಜನ, ಬಹಳಷ್ಟು ಮಂದಿ ಕೋವಿ ಹೆಗಲಿಗೇರಿಸಿ, ಸೇರಿದ್ದರು. ಒಂದು ಗುಂಡೂ ಹಾರಲಿಲ್ಲ, ಆಮೇಲೆ ಕಸವನ್ನೂ ಹೆಕ್ಕಿಕೊಂಡು ಹೋದರು. ಕಾನೂನು ಮಾತ್ರ ಅಂದಿನಿಂದ ಕೋರ್ಟಿನ ಮೆಟ್ಟಿಲು ಹತ್ತುತ್ತ ಇಳಿಯುತ್ತ ಇದೆ.

ಅವರ ಭಯ ಪಟ್ಟಿಯದ್ದು. ಯಾರ ಮನೆಯಲ್ಲಿ ಏನಿದೆ ಎಂದು ಸರ್ಕಾರಕ್ಕೆ ಗೊತ್ತಾಗಬಾರದು. ಅದಕ್ಕಾಗಿ ಒಪ್ಪಿಗೆಯಾದ ತಪಾಸಣೆಯ ದಾಖಲೆಯನ್ನು ಎಫ್‌ಬಿಐ 24 ಗಂಟೆಯೊಳಗೆ ಅಳಿಸಬೇಕೆಂದೇ ಕಾನೂನಿದೆ. ಕೊಲೆಯಲ್ಲಿ ಸಿಕ್ಕ ಕೋವಿಯ ಮೂಲ ಹುಡುಕುವ ಕೇಂದ್ರ ಪಕ್ಕದ ರಾಜ್ಯ ವೆಸ್ಟ್ ವರ್ಜೀನಿಯಾದ ಮಾರ್ಟಿನ್ಸ್‌ಬರ್ಗಿನಲ್ಲಿದೆ. ನನ್ನ ಮನೆಯಿಂದ ದೂರವೇನಿಲ್ಲ. ಅಲ್ಲಿ ಮುಚ್ಚಿದ ಅಂಗಡಿಗಳ ಕಾಗದಪತ್ರಗಳ ರಾಶಿ ಇದೆ, ಆದರೆ ಮಾಲೀಕನ ಹೆಸರು ಹಾಕಿ ಹುಡುಕುವಂತೆ ಕಂಪ್ಯೂಟರಿಗೆ ಸೇರಿಸುವಂತಿಲ್ಲ. ಚಂದ್ರನಲ್ಲಿಗೆ ಹೋಗಿ ಬಂದ ದೇಶ ಒಂದೊಂದೇ ಪುಟ ನೋಡಿ ತಡಕುತ್ತದೆ, ಅದೂ ಬೇಕೆಂದೇ. ಅಜ್ಜನ ಕೋವಿ ಡಿಸಿ ಕಚೇರಿಯ ಪುಸ್ತಕದಲ್ಲಿ ಇತ್ತು, ಊರಿಗೆಲ್ಲ ಗೊತ್ತಿತ್ತು. ಯಾರೂ ಬಂದು ಕಿತ್ತುಕೊಳ್ಳಲಿಲ್ಲ. ಈ ಒಂದು ವಿಷಯದಲ್ಲಿ ನಾನು ನೆರೆಹೊರೆಯ ಅಮೆರಿಕನ್ನರೊಡನೆ ಸೋಲದೆ ವಾದ ಮಾಡುತ್ತೇನೆ.

ಸೋಲುವುದು ಬೇರೆ ಕಡೆ. 2022ರಲ್ಲಿ ಇಲ್ಲಿ ಗುಂಡಿಗೆ ಸತ್ತವರು 48,000ಕ್ಕೂ ಹೆಚ್ಚು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆ. ಮನೆಯಲ್ಲಿ ಆಗಲೇ ಇರುವ ಕೋವಿಗೆ ಯಾವ ತಪಾಸಣೆಯ ಕೌಂಟರೂ ಇಲ್ಲ.

ಅಜ್ಜನ ನೆನಪು ಬರುವುದು ಇಲ್ಲೇ. ನಾನು ಹತ್ತು ಹನ್ನೊಂದರವನಿದ್ದಾಗ, ಒಂದು ಸಂಜೆ ಹತ್ತಿರದ ಮನೆಯವರೊಬ್ಬರು ಬಂದು ಜಗಲಿಯಲ್ಲಿ ಕೂತರು. ಗದ್ದೆಗೆ ಹಂದಿ ಇಳಿಯುತ್ತಿದೆ, ರಾತ್ರಿ ಮಟ್ಟಿಗೆ ಕೋವಿ ಕೊಡಿ ಎಂದರು. ಅಜ್ಜ ಅವರ ಮುಖ ನೋಡಿದರು. "ತೋಟೆ ಇಲ್ಲೆ ಮಾರಾಯ" (ಕೋವಿಗೆ ತೋಟಾ ಇಲ್ಲ) ಎಂದರು. ಕಾಫಿ ಕುಡಿಸಿ ಕಳಿಸಿದರು. ಒಳಗಿನ ಬೀರುವಿನಲ್ಲಿ ಒಂದು ಡಬ್ಬಿ ತೋಟೆ ಇತ್ತು, ನಾನೇ ಎಣಿಸಿದ್ದೆ. ಆ ಮನೆಯ ಅಣ್ಣತಮ್ಮಂದಿರ ಮಧ್ಯೆ ಬೇಲಿಯ ಜಗಳ ನಡೆಯುತ್ತಿದ್ದದ್ದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಇದನ್ನು ಹೇಳಿ ಹಳ್ಳಿಯ ಜ್ಞಾನವನ್ನು ಹೊಗಳಿ ಮುಗಿಸಬಹುದಿತ್ತು. ಆದರೆ ಅದೇ ಅಜ್ಜ ಇನ್ನೊಬ್ಬರಿಗೆ, ತೀರಾ ನಂಬಿಕೆಯವರಿಗೆ, ಕೋವಿ ಕೊಟ್ಟಿದ್ದರು. ಅವರು ಹಂದಿಯೆಂದು ಪೊದೆಗೆ ಹೊಡೆದ ಈಡು ಜೊತೆಗೆ ಹೋದವನ ತೊಡೆಗೆ ತಾಗಿತು. ಕೋವಿ ಕೈಬದಲು ಮಾಡಿದ್ದೇ ತಪ್ಪು, ವಿನಾಯಿತಿ ಇದ್ದದ್ದು ಅಜ್ಜನಿಗೆ. ಜೀಪಿನಲ್ಲಿ ಮಡಿಕೇರಿಗೆ ಸಾಗಿಸುವಾಗ ಎಲ್ಲರೂ ಸೇರಿ ಒಂದು ಕಥೆ ಕಟ್ಟಿದರು. ಮುಖ ನೋಡಿ ಹೇಳುವುದಕ್ಕೂ ಒಂದು ಮಿತಿ ಇದೆ. ಮುಖ ನೋಡಬಲ್ಲವರು ಸಂಬಂಧವನ್ನೂ ನೋಡುತ್ತಾರೆ.

ಹಾಸನದ ಗೆಳೆಯ 2022ರಲ್ಲಿ ಬೇರೆ ರಾಜ್ಯಕ್ಕೆ ಹೊರಟ. ಪಿಸ್ತೂಲನ್ನು ಪೆಟ್ಟಿಗೆಯಿಂದ ಹೊರಗೆ ತೆಗೆದದ್ದೇ ಮೂರು ನಾಲ್ಕು ಸಲ. ಹೆಂಡತಿಗೆ ಮೊದಲಿನಿಂದಲೂ ಅದು ಮನೆಯಲ್ಲಿರುವುದು ಇಷ್ಟವಿರಲಿಲ್ಲ, ಮಾರಿಬಿಡೋಣ ಎಂದ. ಕೊಳ್ಳಲು ಒಪ್ಪಿದವರು ನಮ್ಮಿಬ್ಬರಿಗೂ ಪರಿಚಯದವರೇ, ವಾರಕ್ಕೊಮ್ಮೆ ಕ್ರಿಕೆಟ್ ಆಡುವವರು. ಆಗಿನ ಹೊಸ ಕಾನೂನಿನಂತೆ ಅಂಗಡಿಗೆ ಹೋಗಿ ತಪಾಸಣೆ ಮಾಡಿಸಬೇಕಿತ್ತು. "ಗೊತ್ತಿರೋ ಮನುಷ್ಯ, ಇದೆಂಥ ಕರ್ಮ" ಎಂದು ಗೊಣಗುತ್ತಲೇ ಬಂದ. ಫಾರಂ ತುಂಬಿದ್ದಾಯಿತು. ಉತ್ತರ ಬಂತು: ತಡ.

ಮೂವರೂ ಅಂಗಡಿಯ ಹೊರಗೆ ನಿಂತೆವು. ಕ್ರಿಕೆಟ್ಟಿನವರು ನಗುತ್ತಲೇ ಇದ್ದರು, ಆದರೆ ಕಿವಿ ಕೆಂಪಾಗಿತ್ತು. ಗೆಳೆಯ ಕನ್ನಡದಲ್ಲಿ ಮೆಲ್ಲಗೆ ಕೇಳಿದ, "ಏನಿರಬಹುದೋ?" ನಾನು ಅವರ ಮುಖ ನೋಡಿದೆ. ನನಗೇನೂ ತಿಳಿಯಲಿಲ್ಲ. ಮರುದಿನ ಮಧ್ಯಾಹ್ನ ಒಪ್ಪಿಗೆ ಬಂತು. ಅವರದೇ ಹೆಸರಿನ ಇನ್ನಾರೋ ಇದ್ದರಂತೆ. ಆ ಒಂದು ರಾತ್ರಿ ಪಿಸ್ತೂಲು ಅಂಗಡಿಯವನ ಕಪಾಟಿನಲ್ಲಿತ್ತು. ಭಾನುವಾರ ಕ್ರಿಕೆಟ್ಟಿಗೆ ಮೂವರೂ ಹೋದೆವು, ಆ ಮಾತನ್ನು ಯಾರೂ ಎತ್ತಲಿಲ್ಲ.