ಮುಯ್ಯಿ ಬರೆಯುವ ಊರಿನಲ್ಲಿ ಚಾಲಕನ ಹೆಸರಿಲ್ಲ

ಫೋನು ಹೋದದ್ದು ಬೇರೊಬ್ಬರ ಮನೆಗೆ. "ನಿಮ್ಮ ಮಗನ ಕಾರು ಮಗುಚಿದೆ, ಕೂಡಲೇ ಬನ್ನಿ" ಎಂಬ ಮಾತು ಕೇಳಿದ ಆ ತಂದೆ, ಪಕ್ಕದ ಕೋಣೆಯಲ್ಲಿ ಜ್ವರದಿಂದ ಮಲಗಿದ್ದ ಮಗನನ್ನು ಹೋಗಿ ಮುಟ್ಟಿ ನೋಡಿದರಂತೆ. ಕಾರಿನಲ್ಲಿದ್ದವನು ಮಗನ ಗೆಳೆಯ. ಹಿಂದಿನ ರಾತ್ರಿ ಮಗನಿಗೆ ಜ್ವರ ಏರಿತು, ಬೆಳಿಗ್ಗೆ ಕಾರು ಓಟಕ್ಕೆ ಅವನ ಬದಲು ಗೆಳೆಯ ಬಂದು ಕುಳಿತ. ಚಾಲಕರ ಪಟ್ಟಿಯಲ್ಲಿ ಮಾತ್ರ ಮೊದಲಿನ ಹೆಸರು, ಮೊದಲಿನ ಫೋನ್ ನಂಬರು, ಮೊದಲಿನ ರಕ್ತದ ಗುಂಪು ಹಾಗೆಯೇ ಉಳಿದಿದ್ದವು. ಭುಜದ ಮೂಳೆ ಮುರಿದದ್ದಕ್ಕೇ ಮುಗಿಯಿತು, ದೇವರು ದೊಡ್ಡವನು. ಆದರೆ ಹೆತ್ತ ತಾಯಿಗೆ ಸುದ್ದಿ ಮುಟ್ಟುವಷ್ಟರಲ್ಲಿ ಮುಕ್ಕಾಲು ತಾಸು ಕಳೆದಿತ್ತು.

ಕಳೆದ ಏಪ್ರಿಲ್‌ನಲ್ಲಿ ರಜೆಗೆ ಊರಿಗೆ ಬಂದಾಗ ನಡೆದದ್ದು ಇದು. ಹುಬ್ಬಳ್ಳಿಯಿಂದ ಅಣ್ಣಿಗೇರಿಗೆ ಹೋಗುವ ದಾರಿಯಲ್ಲಿ, ಕಡಲೆ ಕಿತ್ತು ಖಾಲಿಯಾಗಿದ್ದ ಎರೆಹೊಲದಲ್ಲಿ ಹುಡುಗರು ಕಾರು ಓಟ ಇಟ್ಟಿದ್ದರು. ಆ ತಂಡ ನನ್ನ ಅಕ್ಕನ ಮಗನದು. ಹಳೆಯ ಮಾರುತಿ ಕಾರಿಗೆ ತಾವೇ ಪೈಪು ಬೆಸೆದು ಪಂಜರ ಕಟ್ಟಿದ್ದರು, ಬೆಸುಗೆ ಗಟ್ಟಿಯಾಗಿತ್ತು. ಹುಡುಗನ ಜೀವ ಉಳಿಸಿದ್ದು ಆ ಪಂಜರ. ಕಬ್ಬಿಣದ ಕೆಲಸದಲ್ಲಿ ಇಷ್ಟು ಕಾಳಜಿ ಇರುವವರು ಒಂದು ಹಾಳೆಯ ಮೇಲೆ ಹೆಸರು ತಿದ್ದುವುದರಲ್ಲಿ ಏಕೆ ಸೋಲುತ್ತಾರೆ ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ನಾನಿರುವುದು ಕ್ಯಾಲಿಫೋರ್ನಿಯಾದಲ್ಲಿ. ಶನಿವಾರ, ಭಾನುವಾರ ಒಂದು ಹವ್ಯಾಸಿ ತಂಡಕ್ಕೆ ಟೈರು ಬದಲಿಸಲು, ಪೆಟ್ರೋಲು ತುಂಬಿಸಲು ಹೋಗುತ್ತೇನೆ. ಅಮೆರಿಕದ ಹೆಸರು ಎತ್ತಿದರೆ ಊರಿನವರು "ಅದು ದುಡ್ಡಿದ್ದವರ ಆಟ, ಅವರಿಗೆ ಎಲ್ಲ ನಡೆಯುತ್ತದೆ" ಎನ್ನುತ್ತಾರೆ. ನಿಜಸಂಗತಿ ಬೇರೆ. 2006ರಲ್ಲಿ ಶುರುವಾದ '24 ಅವರ್ಸ್ ಆಫ್ ಲೆಮನ್ಸ್' ಸ್ಪರ್ಧೆಯ ಮೂಲ ಕಟ್ಟಳೆಯೇ, ಸುರಕ್ಷತೆಯ ಸಾಮಗ್ರಿ ಬಿಟ್ಟು ಕಾರಿನ ಬೆಲೆ 500 ಡಾಲರ್ ದಾಟಬಾರದು ಎಂಬುದು. ಗುಜರಿಗೆ ಹೋಗಬೇಕಾದ ಕಾರುಗಳೇ ಅಲ್ಲಿ ಓಡುತ್ತವೆ. ಕಾರು ಅಗ್ಗದ್ದು, ಶಿಸ್ತು ಅಗ್ಗದ್ದಲ್ಲ.

ದೀರ್ಘ ಓಟದಲ್ಲಿ ಒಂದೇ ಕಾರನ್ನು ನಾಲ್ಕಾರು ಮಂದಿ ಸರದಿಯಲ್ಲಿ ಓಡಿಸುತ್ತಾರೆ. ಕೊನೆಗಳಿಗೆಯಲ್ಲಿ ಒಬ್ಬರು ತಪ್ಪಿಸಿಕೊಳ್ಳುವುದು ಅಲ್ಲಿಯೂ ಮಾಮೂಲು. ಒಮ್ಮೆ ನಮ್ಮ ತಂಡದವನೊಬ್ಬ ಮಗುವಿಗೆ ಹುಷಾರಿಲ್ಲವೆಂದು ಓಟದ ಹಿಂದಿನ ಸಂಜೆ ಹಿಂದೆ ಸರಿದ. ಬದಲಿಗೆ ಬಂದವನನ್ನು ನೋಂದಣಿ ಮೇಜಿನ ಮುಂದೆಯೇ ನಿಲ್ಲಿಸಿ ಅರ್ಜಿ ಬರೆಸಿದರು. ಮನೆಯವರ ಫೋನ್ ನಂಬರು ಬರೆಸಿಕೊಂಡರು, ಹೆಲ್ಮೆಟ್ಟಿನ ಒಳಗಿನ ಗುಣಮಟ್ಟದ ಚೀಟಿ ಓದಿದರು, ಬೆಂಕಿ ತಡೆಯುವ ಉಡುಪು ಮುಟ್ಟಿ ನೋಡಿದರು, ಮಣಿಕಟ್ಟಿಗೆ ಪಟ್ಟಿ ಕಟ್ಟಿದರು. ಇಪ್ಪತ್ತು ನಿಮಿಷದ ಕೆಲಸ. ಆ ಪಟ್ಟಿ ಇಲ್ಲದ ಕೈ ಸ್ಟಿಯರಿಂಗ್ ಮುಟ್ಟುವಂತಿರಲಿಲ್ಲ.

ಅತಿಥಿಗಳ ವಿಷಯ ಇನ್ನೂ ಸೂಕ್ಷ್ಮ. ಧಾರವಾಡದಿಂದ ಅಪ್ಪ, ಅವ್ವ ಬಂದಿದ್ದಾಗ ಅವರನ್ನೂ ಕರೆದುಕೊಂಡು ಹೋಗಿದ್ದೆ. ಬಾಗಿಲಲ್ಲೇ ಒಂದು ಕಾಗದಕ್ಕೆ ಸಹಿ ಕೇಳಿದರು. ಅಪ್ಪ ನಿವೃತ್ತ ಶಿಕ್ಷಕರು, ಓದದೆ ಸಹಿ ಹಾಕುವವರಲ್ಲ. ಸರದಿಯಲ್ಲಿ ನಿಂತವರನ್ನು ಕಾಯಿಸಿ ಪೂರ್ತಿ ಓದಿದರು. "ಸತ್ತರೂ ಕೇಳುವಂತಿಲ್ಲ ಎಂದು ಬರೆದಿದ್ದಾರಲ್ಲಪ್ಪ" ಎಂದರು. ಹೌದು, ಸಂಘಟಕರ ಮೇಲೆ ದಾವೆ ಹೂಡದಿರಲೆಂದು ಬರೆಸಿಕೊಳ್ಳುವ ಕಾಗದ ಅದು. ಅದನ್ನು ನಮ್ಮೂರಿಗೆ ತನ್ನಿ ಎಂದು ನಾನು ಹೇಳಲಾರೆ. ಆದರೆ ಓದಿ ಮುಗಿಸಿದ ಅಪ್ಪ ದಿನವಿಡೀ ಗೋಡೆಯ ಆಚೆಗೆ ಒಂದು ಹೆಜ್ಜೆ ಇಡಲಿಲ್ಲ, ಅವ್ವನನ್ನೂ ಬಿಡಲಿಲ್ಲ. ಎಲ್ಲಿಗೆ ಬಂದಿದ್ದೇವೆ ಎಂಬುದು ಅವರಿಗೆ ಬಾಗಿಲಲ್ಲೇ ತಿಳಿದಿತ್ತು.

ಅಣ್ಣಿಗೇರಿ ದಾರಿಯ ಹೊಲದಲ್ಲಿ ಬಾಗಿಲು ಕಾಯುತ್ತಿದ್ದ ಹುಡುಗನಿಗೆ ಕೇಳಿಸುತ್ತಿದ್ದದ್ದು ಒಂದೇ ಮಾತು: "ನಮ್ಮವರೇ, ಬಿಡಿ." ಆ ಮಾತಿನ ಮೇಲೆ ಸಂಘಟಕರ ಮಾವಂದಿರು ಒಳಗೆ ಬಂದರು, ಮುಖಂಡರೊಬ್ಬರ ಜೀಪು ಬಂತು, ಹಿಂದೆಯೇ ಗಿರಮಿಟ್ಟಿನ ಗಾಡಿ ಬಂತು, ಗಾಡಿಯ ಸುತ್ತ ಮಕ್ಕಳು. ಪೆಟ್ರೋಲಿನ ಕ್ಯಾನುಗಳಿಂದ ಹತ್ತು ಹೆಜ್ಜೆಯಲ್ಲಿ ಮಿರ್ಚಿ ಕರಿಯುವ ಒಲೆ ಉರಿಯುತ್ತಿತ್ತು. ಟಿಕೆಟು ಕೊಂಡು ಬಂದ ಗುರುತಿಲ್ಲದವರು ಮಾತ್ರ ಹಗ್ಗದ ಆಚೆ ಸುರಕ್ಷಿತವಾಗಿ ನಿಂತಿದ್ದರು. ಪ್ರೀತಿಪಾತ್ರರನ್ನೇ ಅಪಾಯದ ಹತ್ತಿರ ಕರೆದು ಕೂರಿಸುವುದನ್ನು ನಾವು ಮರ್ಯಾದೆ ಎಂದುಕೊಂಡಿದ್ದೇವೆ. ಇದು ನನಗೆ ತುಂಬ ನೋವಿನ ವಿಷಯ.

ಹಾವೇರಿ ಕಡೆಯ ಕೊಬ್ಬರಿ ಹೋರಿ ಓಟ ನೋಡಿದವರಿಗೆ ಇದು ಹೊಸದಲ್ಲ. ಹೋರಿ ಬರುವ ದಾರಿಯಲ್ಲೇ ಜನ ನಿಲ್ಲುತ್ತಾರೆ, ನೋಡಲು ಬಂದವರೇ ತಿವಿತಕ್ಕೆ ಬಲಿಯಾದ ಸುದ್ದಿ ದೀಪಾವಳಿಯ ಬೆನ್ನಿಗೆ ಬರುತ್ತದೆ. ಹೋರಿಗಾದರೂ ಕಣ್ಣಿದೆ, ಧೂಳಿನಲ್ಲಿ ಜಾರುವ ಕಾರಿಗೆ ಅದೂ ಇಲ್ಲ. 2019ರ ಸೆಪ್ಟೆಂಬರ್‌ನಲ್ಲಿ ರಾಜಸ್ಥಾನದ ಬಾಡಮೇರ್ ಬಳಿ, ಕಾರುಗಳ ರ್‍ಯಾಲಿಗೆಂದು ಮುಚ್ಚಿದ್ದ ರಸ್ತೆಗೆ ಬೈಕಿನಲ್ಲಿ ಬಂದ ಒಂದೇ ಕುಟುಂಬದ ಮೂವರು ಕಾರಿಗೆ ಸಿಕ್ಕಿ ತೀರಿಕೊಂಡರು. 1955ರಲ್ಲಿ ಫ್ರಾನ್ಸಿನ ಲ ಮಾನ್‌ನಲ್ಲಿ ಕಾರು ಓಟದ ವೇಳೆ ಎಂಬತ್ತಕ್ಕೂ ಹೆಚ್ಚು ಪ್ರೇಕ್ಷಕರು ಸತ್ತ ಮೇಲೆ ಸ್ವಿಟ್ಜರ್ಲೆಂಡ್ ತನ್ನ ನೆಲದಲ್ಲಿ ಟ್ರ್ಯಾಕ್ ರೇಸನ್ನೇ ನಿಷೇಧಿಸಿತು. ನಮ್ಮ ಹುಡುಗರ ಆಟಕ್ಕೆ ಅಂಥ ಗತಿ ಬರಬಾರದು. ಚೆನ್ನೈ, ಕೊಯಮತ್ತೂರಿನ ಟ್ರ್ಯಾಕುಗಳಿಗೆ ಹೋಗುವ ಅನುಕೂಲ ಇಲ್ಲದವರಿಗೆ ಈ ಹೊಲವೇ ಶಾಲೆ.

ಹೆಸರು ಬರೆಯುವುದು ನಮಗೆ ಬಾರದ ವಿದ್ಯೆಯೂ ಅಲ್ಲ. ಹುಬ್ಬಳ್ಳಿಯ ಯಾವ ಮದುವೆಗಾದರೂ ಹೋಗಿ ನೋಡಿ: ಬಾಗಿಲ ಬಳಿ ಮೇಜು ಹಾಕಿಕೊಂಡು, ಯಾರು ಏನು ಉಡುಗೊರೆ ಕೊಟ್ಟರೆಂದು ಉದ್ದನೆಯ ಪುಸ್ತಕದಲ್ಲಿ ಮುಯ್ಯಿ ಬರೆಯುವ ಹಿರಿಯರೊಬ್ಬರು ಕುಳಿತಿರುತ್ತಾರೆ. ಸಾವಿರ ಜನ ಬಂದರೂ ಒಂದು ಹೆಸರು ತಪ್ಪುವುದಿಲ್ಲ. ಹೆಸರು ಕೇಳಿದರೆಂದು ಯಾರೂ ಮುನಿಸಿಕೊಂಡು ಹೋಗುವುದಿಲ್ಲ.

ಅಳಿಯನಿಗೆ ಹೇಳಿದ್ದೂ ಇಷ್ಟೇ. ಓಟದ ದಿನ ಚಾಲಕರ ಸಭೆ ಮುಗಿಯುವವರೆಗೆ ಎಷ್ಟು ಹೆಸರು ಬೇಕಾದರೂ ಬದಲಾಗಲಿ, ಆದರೆ ಬದಲಾದವನು ಸ್ವತಃ ಮೇಜಿನ ಮುಂದೆ ಬರಲಿ. ಸಭೆ ಮುಗಿದ ಮೇಲೆ ಬಂದವನು ಮುಂದಿನ ಸಲ ಓಡಿಸಲಿ. ಹುಬ್ಬಳ್ಳಿಯ ದುರ್ಗದಬೈಲು ಪೇಟೆಯಲ್ಲಿ ಎರಡು ಬಣ್ಣದ ರಿಬ್ಬನ್ ಕೊಂಡರೆ ಸಾಕು, ಚಾಲಕರಿಗೆ ಮತ್ತು ಮೆಕ್ಯಾನಿಕರಿಗೆ ಒಂದು, ಅತಿಥಿಗಳಿಗೆ ಇನ್ನೊಂದು. ಇಂಜಿನ್ನುಗಳು ನಿಂತಿರುವ ಮಧ್ಯಾಹ್ನದ ಬಿಡುವಿನಲ್ಲಿ ಅತಿಥಿಗಳು ಒಳಗೆ ಬಂದು ಕಾರು ಮುಟ್ಟಿ ನೋಡಲಿ, ಫೋಟೊ ತೆಗೆಸಿಕೊಳ್ಳಲಿ. ಕಾರು ಹೊರಟ ಮೇಲೆ ಯಾರ ಮಾವನಾದರೂ ಹಗ್ಗದ ಆಚೆಗೇ ಇರಲಿ.

ಹುಡುಗರು ಒಪ್ಪಿದ್ದಾರೆ. ಮೇಜಿಗೆ ಯಾರು ಎಂಬ ಮಾತು ಬಂದಾಗ, ಮೂವತ್ತು ವರ್ಷದಿಂದ ನಮ್ಮ ಮನೆತನದ ಮುಯ್ಯಿ ಬರೆಯುವ ಕಾಕಾನನ್ನು ಕೇಳಿದೆವು. ಅವರು ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೆಸರಿನ ಮುಂದೆ ಊರು ಬರೆಯಲೋ, ರಕ್ತದ ಗುಂಪು ಬರೆಯಲೋ?" ಎಂದು ಕೇಳಿದರು. "ಎರಡೂ ಬರೆಯಿರಿ ಕಾಕಾ, ತಾಯಿಯ ಫೋನ್ ನಂಬರನ್ನೂ ಬರೆದುಕೊಳ್ಳಿ" ಎಂದೆ.